ಎರಡರುನೂರು ನಾಡಿನ ಗುಡಿಗಳು: ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ

ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಇವು ಗದಗ ಜಿಲ್ಲೆಯ ನಡು ಮತ್ತು ದಕ್ಷಿಣ ಭಾಗದ ಪಟ್ಟಣಗಳು. 1997ರವರೆಗೆ ಇವೆಲ್ಲ ಧಾರವಾಡ ಜಿಲ್ಲೆಯೊಳಗಿದ್ದವು. ಬಡಗಲಲ್ಲಿ ಕಣ್ಣು ಹಾಯುವವರೆಗೆ ಎರೆ ಹೊಲ, ತೆಂಕಲಲ್ಲಿ ತುಂಗಭದ್ರೆಯ ದಂಡೆ, ನಡುವೆ ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲ್ಲೂಕುಗಳಲ್ಲಿ ಚಾಚಿಕೊಂಡ ಕಪ್ಪತಗುಡ್ಡ. ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ದಿನದ ಪ್ರಯಾಣವೂ ಆಗದ ಈ ಹರವಿನಲ್ಲಿ 11 ಮತ್ತು 12ನೆಯ ಶತಮಾನದ ಗುಡಿ, ಬಸದಿ, ಮೆಟ್ಟಿಲು ಬಾವಿ, ಶಾಸನಗಳು ಎಷ್ಟು ದಟ್ಟವಾಗಿವೆಯೆಂದರೆ ಕರ್ನಾಟಕದಲ್ಲಿ ಇದಕ್ಕೆ ಸಾಟಿಯಾಗುವ ಸೀಮೆಗಳು ವಿರಳ.

ಕಲ್ಯಾಣದ ಚಾಲುಕ್ಯರ ಆಡಳಿತದಲ್ಲಿ ಇದು ಎರಡು ನಾಡುಗಳಾಗಿ ಹಂಚಿಹೋಗಿತ್ತು: ಬೆಳ್ವೊಲ-300 ಮತ್ತು ಪುಲಿಗೆರೆ-300. ಎರಡನ್ನೂ ಒಬ್ಬನೇ ಅಧಿಕಾರಿ ಆಳುವುದು ವಾಡಿಕೆಯಾಗಿದ್ದರಿಂದ ಶಾಸನಗಳು ಇವನ್ನು ಜೋಡಿಸಿ ಎರಡರುನೂರು ಎಂದು ಕರೆಯುತ್ತವೆ. ಬಾದಾಮಿ, ಮಾನ್ಯಖೇಟ, ಕಲ್ಯಾಣಗಳ ಹಾಗೆ ಇಲ್ಲಿ ದೊಡ್ಡ ಅರಸು ಮನೆತನವೊಂದು ನೆಲೆಯೂರಲಿಲ್ಲ. ಹೊಯ್ಸಳ ಇಮ್ಮಡಿ ಬಲ್ಲಾಳ ಲಕ್ಕುಂಡಿಯಲ್ಲಿ ಬೀಡುಬಿಟ್ಟ ಸ್ವಲ್ಪ ಕಾಲವೇ ಈ ಮಾತಿಗಿರುವ ಅಪವಾದ. ಈ ಸೀಮೆಯ ಗುಡಿಗಳನ್ನು ಅರ್ಥಮಾಡಿಕೊಳ್ಳುವ ಕೀಲಿ ಇಲ್ಲೇ ಇದೆ ಎಂಬುದು ಈ ಲೇಖನದ ನಿಲುವು. ಅರಮನೆ ದೂರವಿದ್ದ ಊರುಗಳಲ್ಲಿ ಕಟ್ಟಡದ ಹೊಣೆಯನ್ನು ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ವ್ಯಾಪಾರಿ ಸೆಟ್ಟಿಗಳು, ಮಹಾಜನರು, ಮಠದ ಆಚಾರ್ಯರು ಹೊತ್ತರು. ಗುಡಿಗಳ ಅಳತೆ ಸಣ್ಣದಾಗಿ ಕೆಲಸ ಸೂಕ್ಷ್ಮವಾದದ್ದಕ್ಕೆ, ಒಂದೊಂದು ಊರಿನಲ್ಲೂ ಹಲವು ಮತಗಳ ಕಟ್ಟಡಗಳು ಅಕ್ಕಪಕ್ಕ ಎದ್ದದ್ದಕ್ಕೆ ಇದೂ ಒಂದು ಕಾರಣ.

ಗದಗ-ಬೆಟಗೇರಿ

ಗದಗಿನ ಹಳೆಯ ಊರೊಳಗೆ ತ್ರಿಕೂಟೇಶ್ವರ ದೇವಾಲಯವಿದೆ. ಗರ್ಭಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಇವುಗಳಿಗೆ ಪೂಜೆ ಸಲ್ಲುತ್ತದೆ. ಕಟ್ಟಡ ಒಂದೇ ಕಾಲದ್ದಲ್ಲ. ಹಳೆಯ ಭಾಗಗಳಿಗೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಮಂಟಪಗಳು ಸೇರಿ ಗುಡಿ ಉದ್ದವಾಗಿ ಬೆಳೆದಿದೆ. ಹೊರಗೋಡೆಯ ಕಕ್ಷಾಸನದ ಮೇಲಿನ ಸಾಲುಸಾಲು ಉಬ್ಬುಶಿಲ್ಪಗಳನ್ನು ನಿಧಾನವಾಗಿ ಸುತ್ತಿ ನೋಡಬೇಕು.

ಅದೇ ಆವರಣದ ಸರಸ್ವತಿ ಗುಡಿ ಗದಗಿನ ಶಿಲ್ಪಕಲೆಯ ತುತ್ತತುದಿ. ಗುಡಿ ಚಿಕ್ಕದು, ಮುಂಭಾಗದ ಮಂಟಪ ಮಾತ್ರ ಕಂಬಗಳಿಂದ ತುಂಬಿದೆ. ಒಂದು ಕಂಬದ ವಿನ್ಯಾಸ ಇನ್ನೊಂದಕ್ಕಿಲ್ಲ. ಕೆಲವು ದುಂಡಗೆ ಕಡೆದವು, ಕೆಲವು ಬುಡದಿಂದ ತಲೆಯವರೆಗೆ ನಕ್ಷತ್ರದ ಮೂಲೆಗಳಾಗಿ ಒಡೆದವು, ಇನ್ನು ಕೆಲವುಗಳ ಮೈತುಂಬ ಬೆರಳ ತುದಿಯಷ್ಟಗಲದ ಮಂಟಪಗಳು, ಅವುಗಳೊಳಗೆ ದೇವತೆಗಳು. ಧಾರವಾಡ ಸೀಮೆಯ ಗುಡಿಗಳನ್ನು ಅಳೆದು, ಚಿತ್ರ ತೆಗೆದು 1926ರಲ್ಲಿ ಪುಸ್ತಕವಾಗಿಸಿದ ಹೆನ್ರಿ ಕಸೆನ್ಸ್ ಈ ಕಂಬಗಳನ್ನು ಮನಸಾರೆ ಕೊಂಡಾಡಿದ್ದಾನೆ. ಮೂಲ ಸರಸ್ವತಿಯ ಮೂರ್ತಿ ಭಗ್ನವಾಗಿದೆ. ವಿದ್ಯೆಯ ದೇವತೆಗೆ ಇಲ್ಲಿ ಬೇರೆಯೇ ಗುಡಿ ಕಟ್ಟಿದ್ದರ ಹಿಂದೆ ಈ ಸ್ಥಾನದ ಕಾಳಾಮುಖ ಶೈವ ಆಚಾರ್ಯರಿದ್ದಾರೆ. ಆ ಕಾಲದ ಕಾಳಾಮುಖ ಮಠಗಳೆಂದರೆ ವ್ಯಾಕರಣ, ತರ್ಕ, ಆಗಮಗಳ ಪಾಠ ನಡೆಯುತ್ತಿದ್ದ ವಿದ್ಯಾಸ್ಥಾನಗಳು.

ಆ ಆಚಾರ್ಯರ ಮಾತಿಗೆ ಎಷ್ಟು ತೂಕವಿತ್ತೆಂಬುದನ್ನು ಎರಡು ಶಾಸನಗಳು ತೋರಿಸುತ್ತವೆ. 12ನೆಯ ಶತಮಾನದ ಕೊನೆಗೆ ಕಲ್ಯಾಣ ಚಾಲುಕ್ಯರ ಕೈ ಸೋತಾಗ ಈ ನಾಡಿಗಾಗಿ ದೇವಗಿರಿಯ ಯಾದವ ಭಿಲ್ಲಮನೂ ದೋರಸಮುದ್ರದ ಹೊಯ್ಸಳ ಇಮ್ಮಡಿ ಬಲ್ಲಾಳನೂ ಕಾದಾಡಿದರು. ಗದಗಿಗೆ ದೂರವಲ್ಲದ ಸೊರಟೂರಿನಲ್ಲಿ ಯುದ್ಧ ನಡೆಯಿತು, ಲಕ್ಕುಂಡಿಯ ಕೋಟೆ ಹೊಯ್ಸಳರ ಪಾಲಾಯಿತು. 1191ರಲ್ಲಿ ಭಿಲ್ಲಮ ತ್ರಿಕೂಟೇಶ್ವರನಿಗೆ ಹಿರಿಯಹಂದಿಗೋಳ ಗ್ರಾಮವನ್ನು ದತ್ತಿ ಬಿಟ್ಟ. ಮರುವರ್ಷ, 1192ರಲ್ಲಿ, ಅವನನ್ನು ಹಿಮ್ಮೆಟ್ಟಿಸಿದ ಬಲ್ಲಾಳ ಅದೇ ದೇವರಿಗೆ ಹೊಂಬಾಳಲು ಗ್ರಾಮವನ್ನು ಬಿಟ್ಟ. ಎರಡು ದತ್ತಿಗಳನ್ನೂ ಕೈನೀಡಿ ಪಡೆದವರು ಒಬ್ಬರೇ ಆಚಾರ್ಯರು: ಸತ್ಯವಾಕ್ಯರೆಂದು ಹೆಸರಾದ ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ಊರಿನ ಒಡೆತನ ಬದಲಾದರೂ ಸ್ಥಾನದ ಆಚಾರ್ಯರು ಬದಲಾಗಲಿಲ್ಲ, ಗೆದ್ದವನೂ ಅವರ ಮುಂದೆಯೇ ಬಂದು ನಿಲ್ಲಬೇಕಾಯಿತು. ಇಂದಿನ ಹೊಂಬಳ ಗದಗಿನ ನೆರೆಯ ಹಳ್ಳಿ.

ವೀರನಾರಾಯಣನ ಗುಡಿ ಇಲ್ಲಿಂದ ನಡೆದು ಹೋಗುವಷ್ಟೇ ದೂರ. ಹೊಯ್ಸಳ ಅರಸ ವಿಷ್ಣುವರ್ಧನ ಕಟ್ಟಿಸಿದ ಪಂಚನಾರಾಯಣ ಕ್ಷೇತ್ರಗಳಲ್ಲಿ ಇದೂ ಒಂದೆಂಬುದು ಸಂಪ್ರದಾಯ. ಕಟ್ಟಡದಲ್ಲಿ ಚಾಲುಕ್ಯ, ಹೊಯ್ಸಳ, ವಿಜಯನಗರ ಮೂರೂ ಕಾಲಗಳ ಕೈ ಕಾಣಿಸುತ್ತದೆ; ಮುಂದಿನ ಗೋಪುರ ವಿಜಯನಗರದ್ದು. ಶಂಖ ಚಕ್ರ ಗದಾ ಪದ್ಮ ಹಿಡಿದು ವೀರಗಚ್ಚೆ ಹಾಕಿ ನಿಂತ ಮೂರ್ತಿ ಯುದ್ಧಕ್ಕೆ ಸಿದ್ಧನಾದ ನಾರಾಯಣನದು. ಆದರೂ ಕನ್ನಡಿಗರು ಈ ಗುಡಿಗೆ ಬರುವುದು ಒಂದು ಕಂಬವನ್ನು ನೋಡಲು. 15ನೆಯ ಶತಮಾನದ ಕವಿ, ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಒಳಮಂಟಪದ ಆ ಕಂಬಕ್ಕೊರಗಿ ಕುಳಿತೇ ಭಾರತದ ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಬರೆದನೆಂದು ಊರು ನಂಬುತ್ತದೆ. ಕೊಳದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಕೂರುತ್ತಿದ್ದ, ಬಟ್ಟೆ ಆರುವ ತನಕ ಕಾವ್ಯ ಹರಿಯುತ್ತಿತ್ತು ಎಂಬ ಐತಿಹ್ಯವನ್ನು ಇಲ್ಲಿನವರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಕವಿ ತನ್ನ ಕಾವ್ಯವನ್ನು ಗದುಗಿನ ವೀರನಾರಾಯಣನ ಅಂಕಿತದಲ್ಲಿ ಬರೆದದ್ದಂತೂ ಕಾವ್ಯದೊಳಗೇ ಇದೆ. ಮಲೆನಾಡಿನ ಮನೆಮನೆಗಳಲ್ಲಿ ಮಳೆಗಾಲದ ಸಂಜೆ ಗಮಕಿಗಳು ಓದಿದ್ದು ಬಯಲುಸೀಮೆಯ ಈ ದೇವರ ಹೆಸರಿನ ಭಾರತವನ್ನೇ. ಕನ್ನಡ ನಾಡಿನ ಇನ್ನಾವ ಗುಡಿಯ ಹೆಸರನ್ನೂ ಕಾವ್ಯವೊಂದು ಇಷ್ಟು ದೂರ ಹೊತ್ತೊಯ್ದಿರಲಾರದು.

ಪೇಟೆಯ ನಡುವಿನ ಸೋಮೇಶ್ವರ, ರಾಮೇಶ್ವರ ಗುಡಿಗಳು ಇಷ್ಟು ಹೆಸರು ಪಡೆಯಲಿಲ್ಲ. ಸೋಮೇಶ್ವರನ ಬಾಗಿಲವಾಡ ಮತ್ತು ಹೊರಗೋಡೆಯ ಕೆತ್ತನೆ ನೋಡತಕ್ಕವು. ಬೆಟಗೇರಿ ನೇಕಾರರ ಊರು. ಅಲ್ಲಿ ಗುಂಪಾಗಿ ನಿಂತ ವೀರಗಲ್ಲುಗಳು ಗದಗಿನ ಗುಡಿಗಳಿಗಿಂತ ಹಳೆಯವು.

ಗದಗಿನ ಧಾರ್ಮಿಕ ಬದುಕನ್ನು ಹಳೆಯ ಗುಡಿಗಳಲ್ಲಷ್ಟೇ ಹುಡುಕುವುದು ತಪ್ಪಾದೀತು. ಎಡೆಯೂರು ಸಿದ್ಧಲಿಂಗರ ಪರಂಪರೆಯ ಡಂಬಳ-ಗದಗ ತೋಂಟದಾರ್ಯ ಮಠ ವಚನ ಸಾಹಿತ್ಯದ ಸಂಶೋಧನೆ ಮತ್ತು ಪ್ರಕಟಣೆಗೆ ದೊಡ್ಡ ನೆಲೆ. 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಸ್ವಾಮಿಗಳು ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಗೆ ಬೀದಿಗಿಳಿದವರು. ಜನ ಅವರನ್ನು ಕನ್ನಡದ ಜಗದ್ಗುರು ಎಂದೇ ಕರೆದರು. ಊರಿನ ಇನ್ನೊಂದು ತೀರ್ಥ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010), ಇಬ್ಬರೂ ದೃಷ್ಟಿಯಿಲ್ಲದವರು, ಅಂಧ ಮತ್ತು ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಇಲ್ಲಿಯ ಶಿಷ್ಯ. ತ್ರಿಕೂಟೇಶ್ವರದ ಸರಸ್ವತಿ ಗುಡಿಯನ್ನು ನೋಡಿದವರು ಬೆಳಗಿನ ರಿಯಾಜಿನ ಹೊತ್ತಿಗೆ ಈ ಆಶ್ರಮಕ್ಕೂ ಹೋಗಬೇಕು. ವಿದ್ಯಾದಾನವೆಂಬ ಹಳೆಯ ಕೆಲಸ ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ.

ಲಕ್ಕುಂಡಿ

ಗದಗಿನಿಂದ ಹೊಸಪೇಟೆ ದಾರಿಯಲ್ಲಿ ಸುಮಾರು 12 ಕಿ.ಮೀ. ಹೋದರೆ ಲಕ್ಕುಂಡಿ, ಶಾಸನಗಳ ಲೊಕ್ಕಿಗುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಎಂಬುದು ಊರಿನ ಮಾತು. ಇದು ಮಹಾಜನರ ಅಗ್ರಹಾರವಾಗಿತ್ತು, ವರ್ತಕರ ಪಟ್ಟಣವಾಗಿತ್ತು, ಟಂಕಸಾಲೆಯ ಊರೂ ಆಗಿತ್ತು; ಇಲ್ಲಿಯ ಹೊನ್ನು ಲೊಕ್ಕಿ ಗದ್ಯಾಣವೆಂದು ನಡೆಯುತ್ತಿತ್ತು. ಊರಿನ ಕಟ್ಟಡಗಳಿಗೆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ.

ಲಕ್ಕುಂಡಿಯ ಪ್ರಸಿದ್ಧ ಕಟ್ಟಡಗಳಲ್ಲಿ ಹಳೆಯದು ಬ್ರಹ್ಮಜಿನಾಲಯ. 1007ರಲ್ಲಿ ಇದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅವಳೂ ತಂಗಿ ಗುಂಡಮಬ್ಬೆಯೂ ಚಾಲುಕ್ಯ ದಂಡನಾಯಕ ನಾಗದೇವನ ಹೆಂಡಂದಿರು. ನಾಗದೇವ ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಬೆಳೆಸುತ್ತ ಬದುಕನ್ನು ಧರ್ಮಕ್ಕೂ ವಿದ್ಯೆಗೂ ಮುಡಿಪಿಟ್ಟಳು. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಅವಳ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. ಅಚ್ಚುಕೂಟ ಹುಟ್ಟುವುದಕ್ಕೆ ಶತಮಾನಗಳ ಹಿಂದೆ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರು, ಎಷ್ಟು ತಿಂಗಳು, ಎಷ್ಟು ತಾಳೆಗರಿ! ಕನ್ನಡ ಪುಸ್ತಕ ಪ್ರಸಾರದ ಚರಿತ್ರೆ ಅವಳ ಹೆಸರಿನಿಂದಲೇ ಶುರುವಾಗಬೇಕು. ಬಸದಿಯ ಕಟ್ಟಡ ಗಂಭೀರವಾದದ್ದು, ಕೆತ್ತನೆಯ ಅಬ್ಬರವಿಲ್ಲ; ಎರಡು ನೆಲೆಯ ವಿಮಾನ, ಒಳಗೆ ತೀರ್ಥಂಕರ, ನವರಂಗದಲ್ಲಿ ಚತುರ್ಮುಖ ಬ್ರಹ್ಮ ಮತ್ತು ಪದ್ಮಾವತಿಯ ನಿಂತ ಮೂರ್ತಿಗಳು. ಈ ಬ್ರಹ್ಮನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೈಯ ನುಣುಪಿನಲ್ಲಿ, ಮುಖದ ಶಾಂತಿಯಲ್ಲಿ ಈ ಸೀಮೆಯ ಅತ್ಯುತ್ತಮ ಶಿಲ್ಪಗಳ ಸಾಲಿಗೆ ಅದು ಸೇರುತ್ತದೆ.

ಕಾಶಿವಿಶ್ವೇಶ್ವರ ಗುಡಿ ಇದಕ್ಕೆ ತೀರ ವಿರುದ್ಧ ಗುಣದ್ದು. ದೊಡ್ಡ ಗರ್ಭಗುಡಿ ಶಿವನದು. ಎದುರಿಗೆ, ಅದೇ ಜಗಲಿಯ ಮೇಲೆ, ಚಿಕ್ಕದಾದ ಸೂರ್ಯನ ಗುಡಿ. ಬಾದಾಮಿ-ಪಟ್ಟದಕಲ್ಲಿನ ಶಿಲ್ಪಿಗಳು ಕೈಯಾಡಿಸಿದ್ದು ಮರಳುಗಲ್ಲಿನಲ್ಲಿ. 11ನೆಯ ಶತಮಾನದ ನಡುವಿಗೆ ಈ ಭಾಗದ ಕಲ್ಲುಕುಟಿಗರು ಬಳಪದ ಕಲ್ಲಿಗೆ ಹೊರಳಿಕೊಂಡರು. ಗದಗಿನಿಂದ ತೆಂಕಲಿಗೆ ಓಡುವ ಶಿಲಾಪಟ್ಟಿಯ ಈ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಸಣ್ಣ ಉಳಿಗೂ ಒಗ್ಗುತ್ತದೆ, ಗಾಳಿ ತಾಕುತ್ತ ಹೋದಂತೆ ಗಟ್ಟಿಯಾಗುತ್ತದೆ. ಕಂಬಗಳನ್ನು ತಿರುಗಣಿಗೆ ಹಾಕಿ ಕಡೆಯಲು ಸಾಧ್ಯವಾದದ್ದು ಈ ಗುಣದಿಂದ. ಕಾಶಿವಿಶ್ವೇಶ್ವರನ ಬಾಗಿಲವಾಡದಲ್ಲಿ ಒಂದರೊಳಗೊಂದು ಸೇರಿದ ಶಾಖೆಗಳನ್ನು ನೋಡಿದರೆ ಮೆದು ಕಲ್ಲು ಕಲಾವಿದನಿಗೆ ಕೊಟ್ಟ ಸ್ವಾತಂತ್ರ್ಯ ಎಂಥದೆಂದು ತಿಳಿಯುತ್ತದೆ: ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಮನುಷ್ಯರು, ಅವರಾಚೆ ಮತ್ತೆ ಬಳ್ಳಿ. ಗೋಡೆಯ ಮೇಲೆ ಕಿರುಶಿಖರಗಳನ್ನು ಹೊತ್ತ ಅರೆಗಂಬಗಳು, ಅವುಗಳ ನಡುವೆ ಕೈಲಾಸವನ್ನೆತ್ತುವ ರಾವಣ, ಗಜಾಸುರನನ್ನು ಸೀಳಿ ಕುಣಿಯುವ ಶಿವ. ಇಲ್ಲಿ ಹದಗೊಂಡ ಕಸುಬೇ ಮುಂದಿನ ಶತಮಾನದಲ್ಲಿ ಹೊಯ್ಸಳ ಕಟ್ಟಡಗಳಿಗೆ ಹರಿಯಿತು. ಹಳೇಬೀಡಿನ ಶಿಲ್ಪವೈಭವಕ್ಕೆ ಮನಸೋತವರು ಅದರ ತವರನ್ನೂ ನೋಡಬೇಡವೇ? ಬೇಲೂರು-ಹಳೇಬೀಡಿಗೆ ಹೋಗುವವರ ನಾಲ್ಕರಲ್ಲೊಂದು ಪಾಲಾದರೂ ಇಲ್ಲಿಗೆ ಬರಬೇಕು.

ನನ್ನೇಶ್ವರ ಗುಡಿ ಕಾಶಿವಿಶ್ವೇಶ್ವರನ ಎದುರಿಗೇ ಇದೆ, ಅದಕ್ಕಿಂತ ಸರಳ. ಮೊದಲು ಇದನ್ನು ನೋಡಿ ಆಮೇಲೆ ಅದನ್ನು ನೋಡಿದರೆ ಕೈ ಪಳಗಿದ ಬಗೆ ತಿಳಿಯುತ್ತದೆ. ಮಾಣಿಕೇಶ್ವರ ಗುಡಿಯ ಮುಂದೆ ಮುಸುಕಿನ ಬಾವಿ. ಕೆಳಗಿಳಿಯುವ ಮೆಟ್ಟಿಲುಗಳ ಮೂರು ಬದಿಯ ಗೋಡೆಗಳಲ್ಲಿ ಸಾಲಾಗಿ ಗೂಡು-ಗುಡಿಗಳು. ನೀರಿಗೆ ಇಳಿಯುವವರು ದೇವರ ಸಾಲಿನ ನಡುವೆಯೇ ಇಳಿಯಬೇಕು. ಎರೆ ನೆಲದ ಬಹುಪಾಲು ಬಾವಿಗಳಲ್ಲಿ ಸವಳು ನೀರು. ಸಿಹಿನೀರು ಸಿಕ್ಕ ಜಾಗ ಇಲ್ಲಿ ತಾನಾಗಿ ತೀರ್ಥವಾಗುತ್ತದೆ. ಕನ್ನೇರ ಬಾವಿ, ಛಬ್ಬೀರ ಬಾವಿ ಮುಂತಾಗಿ ಊರೊಳಗೆ ಇನ್ನೂ ಹಲವಿವೆ. ಹಾಲಗುಂಡ ಬಸವಣ್ಣ, ವಿರೂಪಾಕ್ಷ, ಕುಂಬಾರೇಶ್ವರ ಗುಡಿಗಳು ಮನೆಗಳ ಸಂದಿಯಲ್ಲಿವೆ. ವಚನಕಾರ ಅಜಗಣ್ಣ, ಅವನ ತಂಗಿ ಮುಕ್ತಾಯಕ್ಕ ಇದೇ ಊರಿನವರೆಂದು ಶರಣ ಪರಂಪರೆ ಹೇಳುತ್ತದೆ. ಪುರಾತತ್ತ್ವ ಇಲಾಖೆಯ ಶಿಲ್ಪ ಸಂಗ್ರಹಾಲಯ ಬ್ರಹ್ಮಜಿನಾಲಯದ ಬಳಿಯಲ್ಲಿದೆ. ಊರ ಗೋಡೆಗಳಲ್ಲಿ, ಕಟ್ಟೆಗಳಲ್ಲಿ, ಹಿತ್ತಲುಗಳಲ್ಲಿ ಸೇರಿಹೋದ ಕೆತ್ತಿದ ಕಲ್ಲುಗಳು ಇನ್ನೂ ಎಷ್ಟೋ. ಅವನ್ನು ಒಂದೊಂದಾಗಿ ದಾಖಲಿಸಿ ಉಳಿಸುವುದು ತಡಮಾಡದೆ ಆಗಬೇಕಾದ ಕೆಲಸ.

ಡಂಬಳ ಮತ್ತು ಮುಂಡರಗಿ

ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ, ಸುಮಾರು 20 ಕಿ.ಮೀ. ದೂರಕ್ಕೆ, ವಿಶಾಲ ಕೆರೆಯ ದಂಡೆಯ ಮೇಲೆ ಡಂಬಳ. ಹಳೆಯ ಹೆಸರು ಧರ್ಮವೊಳಲ್. ಇಲ್ಲಿಯ ದೊಡ್ಡಬಸಪ್ಪ ಗುಡಿ 12ನೆಯ ಶತಮಾನದ್ದು. ಹೊರಗೆ ಕುಳಿತ ದೊಡ್ಡ ನಂದಿಯಿಂದ ಈ ಹೆಸರು ಬಂದಿದೆ, ಒಳಗಿರುವುದು ಶಿವಲಿಂಗ.

ಈ ಗುಡಿಯ ತಲವಿನ್ಯಾಸಕ್ಕೆ ಜೋಡಿ ಹುಡುಕುವುದು ಕಷ್ಟ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋಗಿ, ಪ್ರತಿಯೊಂದು ತಿರುವಿನ ಮೂಲೆಯನ್ನೂ ಉಳಿಸಿಕೊಂಡರೆ 24 ಮೂಲೆಗಳ ನಕ್ಷತ್ರ ದೊರೆಯುತ್ತದೆ. ವಿಮಾನವನ್ನು ಈ ಲೆಕ್ಕದಲ್ಲಿ ಎಬ್ಬಿಸಿದ್ದಾರೆ. ಮಂಟಪವೂ ಅದೇ ಬಗೆಯ ನಕ್ಷತ್ರ. ಬೇರೆ ಕಡೆಗಳಲ್ಲಿ ನಕ್ಷತ್ರದ ಓಟವನ್ನು ನಡುನಡುವೆ ಅಗಲವಾದ ಭದ್ರಗಳು ತಡೆಯುತ್ತವೆ, ಇಲ್ಲಿ ಆ ತಡೆಯೇ ಇಲ್ಲ. ಮೂಲೆಗಳು ಇಷ್ಟು ಹತ್ತಿರವಾದಾಗ ಗೋಡೆ ಚಪ್ಪಟೆಯಾಗಿ ಉಳಿಯುವುದಿಲ್ಲ, ದುಂಡಗಾಗುವ ಹವಣಿಕೆಯಲ್ಲಿರುವಂತೆ ತೋರುತ್ತದೆ. ಬಿಸಿಲು ಸರಿದಂತೆ ನೆರಳು ಒಂದೊಂದೇ ಮೂಲೆ ದಾಟುತ್ತದೆ. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಇದು ತಿಳಿಯದು, ಬೆಳಗ್ಗೆ ಅಥವಾ ಇಳಿಹೊತ್ತಿಗೆ ಹೋಗಬೇಕು. ರೇಖಾಗಣಿತವನ್ನು ಕಲ್ಲಿಗೆ ಇಳಿಸಿದ ಧೈರ್ಯದಲ್ಲಿ ಡಂಬಳದ ಶಿಲ್ಪಿ ಲಕ್ಕುಂಡಿಯವನನ್ನೂ ಹಿಂದಿಕ್ಕಿದ್ದಾನೆ. ಪಕ್ಕದ ಸೋಮೇಶ್ವರ ಗುಡಿ ಸಾದಾ, ಹಳೆಯದು. ಊರಲ್ಲಿ ಜಪದ ಬಾವಿಯೂ ಇದೆ: ಒಳಗೋಡೆಯ ಗೂಡುಗಳಲ್ಲಿ ಕುಳಿತು ಜಪ ಮಾಡಬಹುದಾದ ಮೆಟ್ಟಿಲು ಬಾವಿ.

ಡಂಬಳದ ಇನ್ನೊಂದು ಹೆಮ್ಮೆ ಬೌದ್ಧ ಶಾಸನ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 1095ರ ಈ ಶಾಸನ ತಾರಾದೇವಿಯ ಸ್ತುತಿಯಿಂದ ಮೊದಲಾಗುತ್ತದೆ. ಧರ್ಮವೊಳಲಿನ 16 ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರಕ್ಕೂ ಕೊಟ್ಟ ದತ್ತಿಗಳು ಅದರಲ್ಲಿವೆ. ಆಗ ಈ ಊರನ್ನು ಆಳುತ್ತಿದ್ದವಳು ವಿಕ್ರಮಾದಿತ್ಯನ ರಾಣಿ ಲಕ್ಷ್ಮೀದೇವಿ. ದಕ್ಷಿಣದಲ್ಲಿ ಬೌದ್ಧ ಧರ್ಮ ಅಳಿಯಿತೆಂದು ಪಾಠಪುಸ್ತಕ ಹೇಳುವ ಕಾಲಕ್ಕೆ ಎರೆ ನಾಡಿನ ವ್ಯಾಪಾರಿಗಳು ಬುದ್ಧನಿಗೂ ತಾರೆಗೂ ವಿಹಾರ ಕಟ್ಟಿಸುತ್ತಿದ್ದರು. ಈ ಲೇಖನದ ಮೊದಲಿಗೆ ಹೇಳಿದ ನಿಲುವಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ.

ಡಂಬಳದ ತೋಂಟದಾರ್ಯ ಜಾತ್ರೆಗೆ ರೊಟ್ಟಿ ಜಾತ್ರೆ ಎಂದೇ ಹೆಸರು. ಹಳ್ಳಿಹಳ್ಳಿಗಳ ಹೆಣ್ಣುಮಕ್ಕಳು ಬಡಿದು ತಂದ ಕಟಕ್ ಜೋಳದ ರೊಟ್ಟಿ, ಕಾಳುಪಲ್ಯ, ಕರಿಂಡಿ, ಅಗಸಿ ಚಟ್ನಿಯನ್ನು ಎಲ್ಲ ಜಾತಿ ಮತದವರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ.

ಡಂಬಳದಾಚೆ ಕಪ್ಪತಗುಡ್ಡ ಹತ್ತಿರವಾಗುತ್ತದೆ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡಸಾಲು 2019ರಲ್ಲಿ ವನ್ಯಜೀವಿ ಧಾಮವಾಯಿತು; ವಿಸ್ತೀರ್ಣ 244 ಚ.ಕಿ.ಮೀ. ಮೇಲೆ ಕಪ್ಪತ ಮಲ್ಲೇಶ್ವರನ ಗುಡಿ, ತಪ್ಪಲಲ್ಲಿ ನಂದಿವೇರಿ ಮಠ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಚಿನ್ನದ ಗಣಿಗಳು ನಡೆದಿದ್ದವು. ಗಣಿಗಾರಿಕೆ ಮತ್ತೆ ಬಂದೀತೆಂಬ ಆತಂಕ ಎದ್ದಾಗಲೆಲ್ಲ ಮಠಗಳೂ ರೈತರೂ ಒಂದಾಗಿ ಗುಡ್ಡದ ಪರವಾಗಿ ನಿಂತಿದ್ದಾರೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಲಿನ ಜಮೀನಿಗೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬರಲಿದ್ದಾಗ ರೈತರ ಹೋರಾಟಕ್ಕೆ ಮುಂದಾಳಾದವರು ತೋಂಟದ ಸಿದ್ಧಲಿಂಗ ಸ್ವಾಮಿಗಳೇ, ಮತ್ತು ಯೋಜನೆ ಅಲ್ಲಿಗೆ ಬರಲಿಲ್ಲ.

ಮುಂಡರಗಿಯಲ್ಲಿ ಶಿಲ್ಪದ ದೃಷ್ಟಿಯಿಂದ ದೊಡ್ಡ ಗುಡಿಯಿಲ್ಲ. ಅನ್ನದಾನೇಶ್ವರ ಮಠ ಮತ್ತು ಊರಿಗೊರಗಿದ ಗುಡ್ಡದ ಮೇಲಿನ ಕನಕನರಸಿಂಹ ಗುಡಿ ಇಲ್ಲಿಯ ಶ್ರದ್ಧಾಕೇಂದ್ರಗಳು. ಊರಿನ ಹೆಸರು ಚರಿತ್ರೆಯಲ್ಲಿ ಉಳಿದದ್ದು ಮುಂಡರಗಿ ಭೀಮರಾಯನಿಂದ. 1858ರಲ್ಲಿ ಹಮ್ಮಿಗಿಯ ಕೆಂಚನಗೌಡನೊಡನೆ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದವನು ಆತ. ತಾಲ್ಲೂಕಿನ ಅಂಚಿನಲ್ಲಿ, ತುಂಗಭದ್ರೆಯ ದಂಡೆಗೆ, ಸಿಂಗಟಾಲೂರಿನ ವೀರಭದ್ರನಿದ್ದಾನೆ. ಹಮ್ಮಿಗಿಯ ಬ್ಯಾರೇಜಿನಿಂದ ನೀರೆತ್ತುವ ಏತ ನೀರಾವರಿ ಯೋಜನೆಗೂ ಸಿಂಗಟಾಲೂರಿನದೇ ಹೆಸರು.

ಶಿರಹಟ್ಟಿ

ಶಿರಹಟ್ಟಿ 1948ರವರೆಗೆ ಸಾಂಗ್ಲಿ ಸಂಸ್ಥಾನದ್ದು, ನೆರೆಯ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಗದಗ ಬ್ರಿಟಿಷರದು. ಒಂದೇ ಸೀಮೆಯ ಕನ್ನಡ ಜನ ಹೀಗೆ ಬೇರೆ ಬೇರೆ ಕಚೇರಿಗಳಿಗೆ ತೆರಿಗೆ ಕಟ್ಟುತ್ತಿದ್ದರು; ಮರಾಠಿ ದಫ್ತರಗಳ ಆ ಕಾಲದಲ್ಲಿ ಅವರನ್ನು ಕೂಡಿಸಿದ್ದು ಜಾತ್ರೆಗಳು. ಇವುಗಳಲ್ಲಿ ಮುಖ್ಯವಾದದ್ದು ಶಿರಹಟ್ಟಿ ಫಕೀರೇಶ್ವರ ಮಠದ ಜಾತ್ರೆ. ಮಕ್ಕಳಿಲ್ಲದ ದಂಪತಿಗೆ ವಿಜಯಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಹರಕೆಯಿಂದ ಮಗು ಹುಟ್ಟಿತು, ಆ ಮಗುವನ್ನು ಅವರಿಗೇ ಒಪ್ಪಿಸಿದರು, ಅವರ ನೆರಳಲ್ಲಿ ಬೆಳೆದ ಬಾಲಕ ಮುಂದೆ ವೀರಶೈವ ದೀಕ್ಷೆ ಪಡೆದು ಫಕೀರೇಶ್ವರನಾದ ಎಂದು ಭಕ್ತರು ಹೇಳುತ್ತಾರೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಈ ಮಠವನ್ನು ಭಾವೈಕ್ಯದ ಪೀಠವೆಂದೇ ಜನ ಕರೆಯುತ್ತಾರೆ. ಸಮೀಪದ ವರವಿಯಲ್ಲಿ ಮೌನೇಶ್ವರನ ನೆಲೆಯಿದೆ. ತಿಂಥಣಿಯ ಮೌನೇಶ್ವರನ ಹಾಗೆಯೇ ವಿಶ್ವಕರ್ಮರಿಗೂ ಇತರರಿಗೂ ಇದು ಪೂಜ್ಯ.

ಗದಗ ದಾರಿಯ ಮಾಗಡಿ ಕೆರೆಯನ್ನು ಬಿಟ್ಟು ಹೋಗಬಾರದು. ಚಳಿಗಾಲಕ್ಕೆ ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಇಲ್ಲಿಗೆ ಬರುತ್ತವೆ. ರಾತ್ರಿ ಹೊಲಗಳಲ್ಲಿ ಮೇದು ಹಗಲು ನೀರಿನಲ್ಲಿ ತಂಗುತ್ತವೆ. ಬೆಳೆಗೆ ನಷ್ಟವಾದರೂ ಮಾಗಡಿಯವರು ಅವನ್ನು ಓಡಿಸಿಲ್ಲ, ಬೇಟೆಗೂ ಬಿಟ್ಟಿಲ್ಲ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು.

ಲಕ್ಷ್ಮೇಶ್ವರ

ಶಿರಹಟ್ಟಿಯಿಂದ ಲಕ್ಷ್ಮೇಶ್ವರ ಹನ್ನೆರಡು ಕಿ.ಮೀ. ಆಸುಪಾಸು. ಪುಲಿಗೆರೆ, ಪೊರಿಗೆರೆ, ಹುಲಿಗೆರೆ ಎಂದು ಶಾಸನಗಳು ಮತ್ತು ಕಾವ್ಯಗಳಲ್ಲಿ ಬರುವ ಊರು ಇದೇ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಿನ ನಾಡಿನಲ್ಲಿ ಕನ್ನಡದ ತಿರುಳಿದೆ ಎಂದು 9ನೆಯ ಶತಮಾನದ ಕವಿರಾಜಮಾರ್ಗ ಗುರುತಿಸಿತು. ಪಂಪ ತನ್ನ ಕಾವ್ಯ ಪುಲಿಗೆರೆಯ ಕನ್ನಡದಲ್ಲಿದೆ ಎಂದು ಅಭಿಮಾನದಿಂದ ಹೇಳಿಕೊಂಡ. 941ರ ಆದಿಪುರಾಣವನ್ನು ಅವನು ಇಲ್ಲಿಯ ಶಂಖಬಸದಿಯಲ್ಲಿ ಕುಳಿತು ಬರೆದನೆಂಬ ಪ್ರತೀತಿಯೂ ಇದೆ.

ಊರಾಡಳಿತದ ಚರಿತ್ರೆಗೂ ಪುಲಿಗೆರೆ ಮೊದಲ ಸಾಲಿನಲ್ಲಿದೆ. ಬಾದಾಮಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯ, ಮುಂದೆ ಎರಡನೆಯ ವಿಕ್ರಮಾದಿತ್ಯನಾದವನು, 8ನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿಯ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ ಆಚಾರವ್ಯವಸ್ಥೆಯೊಂದನ್ನು ಕೊಟ್ಟ. ಅರಸನ ಅಧಿಕಾರಿಗಳ ಹಕ್ಕು ಎಷ್ಟು, ಊರವರ ಹಕ್ಕು ಎಷ್ಟು, ಯಾವ ಅಂತಸ್ತಿನ ಮನೆ ಎಷ್ಟು ತೆರಬೇಕು ಎಂಬುದೆಲ್ಲ ಅದರಲ್ಲಿ ಗೊತ್ತುಮಾಡಿದೆ. ಊರು ಮತ್ತು ಪ್ರಭುತ್ವದ ನಡುವಿನ ಇಂಥ ಬರೆದ ಒಪ್ಪಂದ ಭಾರತದಲ್ಲೇ ಅಪರೂಪದ್ದು. ಲಕ್ಷ್ಮೇಶ್ವರದ ಹೆಸರು ಹೇಳುವಾಗ ಗುಡಿಗಳ ಜೊತೆಗೆ ಇದನ್ನೂ ಹೇಳಲೇಬೇಕು.

ಶಂಖಬಸದಿ ನೇಮಿನಾಥನದು. ಇದಕ್ಕೆ ಬಾದಾಮಿ ಚಾಲುಕ್ಯರು ಬಿಟ್ಟ ದತ್ತಿಗಳ ಪಾಠಗಳು ಮುಂದಿನ ಕಾಲದಲ್ಲಿ ಮತ್ತೆ ಕಲ್ಲಿಗೆ ಬರೆಸಿದ ರೂಪದಲ್ಲಿ ಉಳಿದಿವೆ. ಒಳಗೆ ಸಾವಿರ ಕಿರುಜಿನಬಿಂಬಗಳ ಸಹಸ್ರಕೂಟವಿದೆ. ಆ ಮನೆತನದ ಅರಸ ವಿಜಯಾದಿತ್ಯನ ತಂಗಿ ಕುಂಕುಮದೇವಿ ಈ ಊರಲ್ಲಿ ಆನೆಸೆಜ್ಜೆ ಬಸದಿ ಕಟ್ಟಿಸಿದ್ದಳು. ಅನಂತನಾಥ ಬಸದಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ಊರಿನ ಹೃದಯ ಸೋಮೇಶ್ವರ ದೇವಾಲಯ. ಕೋಟೆಯಂಥ ಪ್ರಾಕಾರ, ಮೂರು ದಿಕ್ಕಿಗೆ ಮಹಾದ್ವಾರ, ಒಳಗೆ ವಿಸ್ತಾರವಾದ ಅಂಗಳ, ಮೆಟ್ಟಿಲುಗಳ ಬಾವಿ, ಸುತ್ತ ಕಿರುಗುಡಿಗಳು. ಗರ್ಭಗುಡಿಯಲ್ಲಿ ಲಿಂಗದ ಬದಲಿಗೆ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಮೂರ್ತಿಗೆ ಮುಖ್ಯ ಪೂಜೆ ಸಲ್ಲುತ್ತದೆ. ಕನ್ನಡ ನಾಡಿನ ಶಿವಾಲಯಗಳಲ್ಲಿ ಇದು ವಿರಳ. ಬೇಸಿಗೆಯ ಕೊನೆಗೆ ಕೆಲವು ದಿನ ಮುಂಜಾನೆಯ ಸೂರ್ಯಕಿರಣ ಮೂರ್ತಿಯ ಮೇಲೆ ಬೀಳುವುದನ್ನು ಕಾಣಲು ಜನ ನೆರೆಯುತ್ತಾರೆ.

ಈ ದೇವರು ಇಲ್ಲಿಗೆ ಬಂದ ಕಥೆಯನ್ನು ಕವಿ ರಾಘವಾಂಕ ಸೋಮನಾಥ ಚಾರಿತ್ರದಲ್ಲಿ ಹೇಳಿದ್ದಾನೆ. ಸೌರಾಷ್ಟ್ರದ ಶಿವಭಕ್ತ ವರ್ತಕ ಆದಯ್ಯ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದು ಜೈನ ವರ್ತಕನ ಮಗಳು ಪದ್ಮಾವತಿಯನ್ನು ಮದುವೆಯಾಗುತ್ತಾನೆ. ಮಾವನ ಮನೆಯಲ್ಲಿ ಶಿವಭಕ್ತರಿಗೆ ಆದ ಅವಮಾನಕ್ಕೆ ಕೆರಳಿ ಸೌರಾಷ್ಟ್ರದ ಸೋಮನಾಥನನ್ನೇ ತಂದು ಬಸದಿಯಲ್ಲಿ ನೆಲೆಗೊಳಿಸುವ ಶಪಥ ತೊಟ್ಟು, ಅದನ್ನು ಸಾಧಿಸುತ್ತಾನೆ. ಕಾವ್ಯದ ಭಕ್ತಿ ಅದಕ್ಕೇ ಇರಲಿ, ಜೈನ ಮತ್ತು ಶೈವರ ನಡುವೆ ಇಲ್ಲಿ ನಿಜವಾದ ತಿಕ್ಕಾಟವಿತ್ತೆಂಬುದನ್ನು ಅದು ಮುಚ್ಚಿಡುವುದಿಲ್ಲ. ಅದಕ್ಕೂ ಮೊದಲು, 11ನೆಯ ಶತಮಾನದಲ್ಲಿ, ದಂಡೆತ್ತಿ ಬಂದ ಚೋಳರು ಈ ನಾಡಿನ ಬಸದಿಗಳನ್ನು ಸುಟ್ಟದ್ದನ್ನು ಗದಗ ತಾಲ್ಲೂಕಿನ ಗಾವರವಾಡದ ಶಾಸನ ದಾಖಲಿಸಿದೆ. ಹಲವು ಮತಗಳು ಕೂಡಿ ಬಾಳಿದ್ದನ್ನು ಬರೆಯುವವರು ಕಾದಾಡಿದ್ದನ್ನೂ ಬರೆಯಬೇಕು. ಎರಡನ್ನೂ ದಾಟಿ ಶಂಖಬಸದಿ ಮತ್ತು ಸೋಮೇಶ್ವರ ಒಂದೇ ಊರಲ್ಲಿ ಉಳಿದಿರುವುದು ಲಕ್ಷ್ಮೇಶ್ವರದ ದೊಡ್ಡಸ್ತಿಕೆ.

ಶಿಥಿಲವಾಗಿದ್ದ ಸೋಮೇಶ್ವರ ದೇವಾಲಯವನ್ನು ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಮಾಡಲಾಗಿದೆ. ಆ ಬಳಿಕ ಇದೇ ಅಂಗಳದಲ್ಲಿ ಪುಲಿಗೆರೆ ಉತ್ಸವದ ಸಂಗೀತ, ನೃತ್ಯಗಳು ನಡೆದಿವೆ. ಆದಿಲಶಾಹಿ ಸರದಾರ ಅಂಕುಶಖಾನ 1617ರಲ್ಲಿ ಕಟ್ಟಿಸಿದ ಜುಮ್ಮಾ ಮಸೀದಿ ಊರಿನ ಮತ್ತೊಂದು ಮುಖ್ಯ ಕಟ್ಟಡ. ದೂದಪೀರರ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಳ್ಳುತ್ತಾರೆ.

ಗದಗಿಗೆ ಮರಳಲು ಮುಳಗುಂದದ ದಾರಿ ಒಳ್ಳೆಯದು. 902ರಷ್ಟು ಹಿಂದೆಯೇ ಇಲ್ಲಿ ಬಸದಿಗೆ ದತ್ತಿ ಸಂದಿತ್ತು. ಸಂಸ್ಕೃತದಲ್ಲಿ ಮಹಾಪುರಾಣ ಬರೆದ ಮಲ್ಲಿಷೇಣ ಇಲ್ಲಿದ್ದವನು. ಸಂಸ್ಕೃತವನ್ನು ಕನ್ನಡದೊಳಗೆ ಅತಿಯಾಗಿ ತುರುಕುವುದನ್ನು ಆಕ್ಷೇಪಿಸಿ, ತಿಳಿಗನ್ನಡದಲ್ಲಿ ಧರ್ಮಾಮೃತವನ್ನು ಬರೆದ ನಯಸೇನನೂ ಇದೇ ಊರಿನವನು. ಆ ಗ್ರಂಥದ ಕಾಲ 1112. ಅದೇ 1112ರಲ್ಲಿ, ಗದಗಿನಿಂದ ಮೂಡಲಿಗೆ ಇಂದಿನ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ, ದಂಡನಾಯಕ ಮಹಾದೇವ ತನ್ನ ಹೆಸರಿನ ಗುಡಿಯನ್ನು ಎತ್ತಿಸಿದ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಹೊಗಳಿದೆ. ಇನ್ನೊಂದು ದಿನ ಕೈಯಲ್ಲಿರುವವರು ಲಕ್ಕುಂಡಿಯ ಮೇಲಿಂದ ಕುಕನೂರು, ಇಟಗಿಗಳಿಗೆ ಹೋಗಿ, ಸೂಡಿಯ ಜೋಡುಕಳಸ ಗುಡಿಯನ್ನೂ ನಾಗಕುಂಡವನ್ನೂ ನೋಡಿ ಬರಬಹುದು.